ನಾನು ಸಾಯಿಸಿದ ಮಳಿಗೆ

ಯಾವ ಸೀರೆ ಅಂಗಡಿಗೆ ಕಾಲಿಟ್ಟರೂ ನನ್ನ ದನಿ ತಾನಾಗಿ ತಗ್ಗಿಬಿಡುತ್ತದೆ. ಈಚೆಗೆ ಮೈಸೂರಿನ ದೊಡ್ಡ ಶೋರೂಮೊಂದರಲ್ಲಿ ಮೇಲಿನ ಸಾಲಿನ ಹಸಿರು ಸೀರೆ ತೆಗೆಯಲು ಹೇಳಿದೆ. ಸೇಲ್ಸ್ ಗರ್ಲ್ ಕೌಂಟರಿನ ಮೇಲೆ ಪೂರ್ತಿ ಬಗ್ಗಿ, ಥ್ರೋಟ್ ಇನ್‌ಫೆಕ್ಷನ್ನಾ ಮ್ಯಾಮ್, ಬಿಸಿನೀರು ತರಿಸಲಾ ಎಂದು ಕೇಳಿದಳು. ಗಟ್ಟಿಯಾಗಿ ಮಾತಾಡಲು ನೋಡಿದೆ. ಬಂದದ್ದು ಮತ್ತೆ ಅದೇ ಪಿಸುಮಾತು. ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ, ಹಿಂದಿನ ಬೆಂಚಿನಲ್ಲಿ ತೂಕಡಿಸುವವರನ್ನು ಒಂದೇ ಕೂಗಿಗೆ ಎದ್ದು ನಿಲ್ಲಿಸುತ್ತಿದ್ದವಳು ನಾನು. ಅಂಥವಳು ಬಿಸಿನೀರು ಕುಡಿದು, ಥ್ಯಾಂಕ್ ಯೂ ಎಂದು ಉಸುರಿ, ಸೀರೆ ಕೊಳ್ಳದೆ ಬಂದೆ.

ಈ ಕಾಯಿಲೆ ನನ್ನೊಬ್ಬಳದಲ್ಲ. ಕೊಳ್ಳೇಗಾಲದಲ್ಲಿ ಹನೂರಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮೂರು ಮಳಿಗೆಗಳಿವೆ. ಅದರಲ್ಲಿ ಮೂರನೆಯದಕ್ಕೆ ಹೋಗಿ ಬರುವವರಿಗೆಲ್ಲ ಸ್ವಲ್ಪ ಸ್ವಲ್ಪ ಅಂಟಿದೆ. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಚೌಕಾಸಿಯನ್ನೂ ಪಿಸುಗುಟ್ಟಿಯೇ ಮಾಡುತ್ತಾರೆ. ಊರಿನವರು ಅದನ್ನು ಕರೆಯುವುದೇ ಸತ್ತೋರ ಮಳಿಗೆ ಎಂದು. ಅಲ್ಲಿ ಸತ್ತವರು ಯಾರೆಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ನನಗೆ ಗೊತ್ತು. ಯಾರೂ ಸತ್ತಿಲ್ಲ. ಹನ್ನೆರಡು ವರ್ಷದವಳಿದ್ದಾಗ ಆ ಮಳಿಗೆಯನ್ನು ನಾನೇ ಸಾಯಿಸಿದೆ.

ನಮ್ಮದು ಯಳಂದೂರಿನ ಪಕ್ಕದ ಮಾಂಬಳ್ಳಿ. ಮನೆಯ ಹಿಂದೆ ರೇಷ್ಮೆಯ ಹುಳುಮನೆ. ಸೊಪ್ಪು ಹಾಕಿ ಬಾಗಿಲು ಎಳೆದುಕೊಂಡರೆ ಸಾವಿರಾರು ಹುಳುಗಳು ಒಟ್ಟಿಗೆ ಮೇಯುವ ಸದ್ದು ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ ಕೇಳಿಸುತ್ತಿತ್ತು. ಹೊರಗೆ ನೋಡಿದರೆ ಸುಡುಬಿಸಿಲು. ಇಲ್ಲದ ಮಳೆಯನ್ನು ಕೇಳಿಸಿಕೊಳ್ಳುತ್ತ ಕೂರುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಈ ಮಾತು ಯಾಕೆ ಬಂತೋ ತಿಳಿಯದು. ವಯಸ್ಸಾದ ಮೇಲೆ ಪೆನ್ನು ತನಗೆ ಇಷ್ಟ ಬಂದ ಕಡೆ ಹೋಗುತ್ತದೆ.

ಮನೆಯಲ್ಲಿ ಒಬ್ಬರಿಗಾದರೂ ಇಂಗ್ಲಿಷ್ ಬರಲಿ ಎಂದು ಅಪ್ಪಾಜಿ ನನ್ನನ್ನು ಮೈಸೂರಿನ ಕಾನ್ವೆಂಟಿಗೆ ಹಾಕಿದರು. ನಾನು ಅಲ್ಲಿ ಕಲಿತದ್ದು ಇಷ್ಟು: ಕರವಸ್ತ್ರದ ಅಂಚಿಗೆ ಹೂ ಹೊಲಿಯುವುದು, ಚಮಚದಲ್ಲಿ ಸದ್ದಾಗದಂತೆ ಸೂಪ್ ಕುಡಿಯುವುದು, ಮತ್ತು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳುವುದು. ಮೂರನೆಯದನ್ನು ಸಿಸ್ಟರುಗಳು ಕಲಿಸಿದ್ದಲ್ಲ, ಅದು ನನ್ನ ಓನ್ ಎಫರ್ಟ್.

ರೇಷ್ಮೆ ಕೈಹಿಡಿದ ಕಾಲದಲ್ಲಿ ಅಪ್ಪಾಜಿ ಕೊಳ್ಳೇಗಾಲದಲ್ಲಿ ಈ ಮಳಿಗೆಗಳನ್ನು ಕಟ್ಟಿಸಿದರು. ಮೊದಲ ಎರಡಕ್ಕೆ ಬಾಡಿಗೆದಾರರು ಬೇಗ ಸಿಕ್ಕರು. ತಾಲ್ಲೂಕು ಕಚೇರಿಯ ಮುಂದೆ ಕೂರುವ ಪತ್ರ ಬರೆಯುವವರು ಕನ್ನಡದಲ್ಲಿ ಕರಾರು ಬರೆದುಕೊಟ್ಟರು. ಮೂರನೆಯದಕ್ಕೆ ಬಂದವರು ತಮಿಳು ಸೀಮೆಯ ರೇಷ್ಮೆ ವರ್ತಕರು. ಅವರು ತಮ್ಮ ಕಡೆಯ ವಕೀಲರಿಂದ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ ಲೀಸ್ ತಂದಿದ್ದರು. ಅಪ್ಪಾಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಮ್ಮ ಮಗಳು ದಸರಾ ರಜಕ್ಕೆ ಬಂದವಳೆ, ಓದಿ ಹೇಳಲಿ, ಆಮೇಲೆ ಸಹಿ ಎಂದರಂತೆ.

ನನ್ನನ್ನು ಬಸ್ಸಿನಲ್ಲಿ ಕರೆದೊಯ್ದರು. ಕಾನ್ವೆಂಟಿನ ಬಿಳಿ ಸಾಕ್ಸ್ ಹಾಕಿಸಿಯೇ ಕರೆದೊಯ್ದರು. ಮಧ್ಯಾಹ್ನದ ಹೊತ್ತು, ವರ್ತಕರು ಊಟಕ್ಕೆ ಹೋಗಿದ್ದರು. ಖಾಲಿ ಮಳಿಗೆಯಲ್ಲಿ ಹಸಿ ಸುಣ್ಣದ ವಾಸನೆ. ಅಪ್ಪಾಜಿ ಸಿಮೆಂಟಿನ ಚೀಲದ ಮೇಲೆ ಕುಳಿತರು. ನಾನು ನಡುವೆ ನಿಂತು ಅಸೆಂಬ್ಲಿಯಲ್ಲಿ ಓದುವ ಹಾಗೆ ಓದತೊಡಗಿದೆ. ನಾನಂದ ಪ್ರತಿ ಮಾತನ್ನೂ ಹಿಂದಿನ ಗೋಡೆ ಒಂದು ಚೂರು ತಡವಾಗಿ ಮತ್ತೆ ಅನ್ನುತ್ತಿತ್ತು. ನನಗೆ ಅದು ಬಹಳ ಹಿಡಿಸಿತು.

ಎರಡನೆಯ ಸಾಲಿಗೇ ಡಿಮೈಸ್ಡ್ ಪ್ರೆಮಿಸಸ್ ಎಂದು ಬಂತು. ಡಿಮೈಸ್ ಎಂಬ ಪದ ನನಗೆ ಗೊತ್ತಿತ್ತು. ಆ ರಜಕ್ಕೆ ಕೆಲವೇ ದಿನ ಮೊದಲು ನಮ್ಮ ಮುದಿ ಸಿಸ್ಟರ್ ಒಬ್ಬರು ತೀರಿಕೊಂಡಿದ್ದರು. ಅವರ ಸ್ಯಾಡ್ ಡಿಮೈಸ್ ಎಂದು ನೋಟೀಸು ಓದಿ ಅರ್ಧ ದಿನ ರಜ ಕೊಟ್ಟಿದ್ದರು. ರಜ ಕೊಟ್ಟ ಪದವನ್ನು ಯಾವ ಮಗು ಮರೆಯುತ್ತದೆ? ಹಾಗಾಗಿ ಒಂದಿಷ್ಟೂ ಅನುಮಾನವಿಲ್ಲದೆ, "ಸತ್ತವರ ಜಾಗ ಅಂತ ಬರೆದಿದಾರೆ ಅಪ್ಪಾಜಿ" ಎಂದೆ.

ಅಪ್ಪಾಜಿ ಕಾಗದದ ಕಡೆ ಬಗ್ಗಿ, "ಎಷ್ಟು ಕಡೆ ಅಂಗೆ ಬರ್ದವ್ರೆ ಕೂಸು?" ಎಂದು ಕೇಳಿದರು.

ಎಣಿಸಲು ಹೋದೆ. ಪುಟ ಪುಟದಲ್ಲೂ ಇತ್ತು. ಎಲ್ಲ ಕಡೆಯೂ ಅಪ್ಪಾಜಿ ಎಂದೆ. ಆಗ ಅವರು ಎದ್ದು ಚಪ್ಪಲಿ ಬಿಟ್ಟು, ಬಾಗಿಲಾಚೆ ಇಟ್ಟು ಬಂದರು.

ನಾನು ಮುಂದುವರಿದೆ. ಬಾಡಿಗೆದಾರನು ಜಾಗವನ್ನು ಕ್ವಯಟ್ ಎಂಜಾಯ್‌ಮೆಂಟಿನಲ್ಲಿ ಇಟ್ಟುಕೊಳ್ಳತಕ್ಕದ್ದು ಎಂದಿತ್ತು. ಸತ್ತವರ ಜಾಗವನ್ನು ಸದ್ದು ಮಾಡದೆ ಅನುಭವಿಸಬೇಕು ಎಂದು ಹೇಳಿದೆ. ಕೊನೆಯ ಪುಟದಲ್ಲಿ ವೇಕೆಂಟ್ ಪೊಸೆಷನ್ ಬಂತು. ನಮ್ಮ ಸ್ಕ್ರಿಪ್ಚರ್ ಕ್ಲಾಸಿನಲ್ಲಿ ಪೊಸೆಷನ್ ಎಂದರೆ ಮೈಮೇಲೆ ಬರುವುದು. ಬಿಟ್ಟುಹೋಗುವಾಗ ಮೈಮೇಲೆ ಬಂದದ್ದನ್ನು ಖಾಲಿ ಮಾಡಿ ಹೋಗಬೇಕಂತೆ ಅಪ್ಪಾಜಿ ಎಂದೆ. ಅವರ ಮುಖ ಸುಣ್ಣದ ಗೋಡೆಯ ಹಾಗಾಯಿತು. ನಾನೇ ಹೇಳಿದ ಕತೆಗೆ ನಾನೇ ಹೆದರಿ ಅವರ ಪಂಚೆ ಹಿಡಿದುಕೊಂಡೆ.

ಆ ಪದಗಳ ನಿಜವಾದ ಅರ್ಥ ಇಷ್ಟೇ. ಡಿಮೈಸ್ಡ್ ಪ್ರೆಮಿಸಸ್ ಎಂದರೆ, ಲೀಸಿನ ಭಾಷೆಯಲ್ಲಿ, ಬಾಡಿಗೆಗೆ ಕೊಟ್ಟ ಜಾಗ. ಕ್ವಯಟ್ ಎಂಜಾಯ್‌ಮೆಂಟ್ ಎಂದರೆ ಮಾಲೀಕನ ಕಾಟವಿಲ್ಲದೆ ಇರುವ ಹಕ್ಕು. ವೇಕೆಂಟ್ ಪೊಸೆಷನ್ ಎಂದರೆ ಖಾಲಿ ಮಾಡಿ ಬೀಗದ ಕೈ ಕೊಡುವುದು. ಕಾನೂನಿನವರು ಸಾವಿನ ಪದ ತಂದು ಬಾಡಿಗೆಗೆ ಹಾಕಿದರೆ ಹನ್ನೆರಡು ವರ್ಷದವಳು ಏನು ಮಾಡಬೇಕು?

ದೂರದಿಂದ ಬಂದ ವರ್ತಕರಿಗೆ ಈ ಜಾಗದ ಬಗ್ಗೆ ತಮಗೆ ತಿಳಿಯದ್ದೇನೋ ತಿಳಿದಿದೆ, ಅದನ್ನು ಬಾಯಿಬಿಟ್ಟು ಹೇಳದೆ ಕಾಗದದಲ್ಲಿ ಬರೆಸಿದ್ದಾರೆ ಎಂದು ಅಪ್ಪಾಜಿ ತೀರ್ಮಾನಿಸಿದರು. ಕೇಳುವುದು ಮರ್ಯಾದೆಯಲ್ಲ. ಪತ್ರದ ಕೊನೆಯಲ್ಲಿ ತಮ್ಮ ಕೈಯಿಂದಲೇ ಕನ್ನಡದಲ್ಲಿ ಒಂದು ಸಾಲು ಸೇರಿಸಿದರು: ಇದು ಸತ್ತವರ ಜಾಗವಾದ್ದರಿಂದ ಇಲ್ಲಿ ಇರುವವರಿಗೆ ಬಾಡಿಗೆ ಏರಿಸತಕ್ಕದ್ದಲ್ಲ, ಅವರನ್ನು ಎಬ್ಬಿಸತಕ್ಕದ್ದಲ್ಲ. ವರ್ತಕರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಊಟ ಮುಗಿಸಿ ಎಲೆಯಡಿಕೆ ಜಗಿಯುತ್ತ ಬಂದವರು, ಏನೋ ಶುಭ ಕೋರಿದ್ದಾರೆಂದು ನಕ್ಕು ಸಹಿ ಹಾಕಿದರು. ಅಪ್ಪಾಜಿ ಅವರೊಡನೆ ಪಿಸುಮಾತಿನಲ್ಲಿ ಮಾತಾಡಿದರು. ಅವರೂ ಪಿಸುಮಾತಿನಲ್ಲಿ ಉತ್ತರ ಕೊಟ್ಟರು. ಅಲ್ಲಿಂದ ಆರಂಭ.

ಆ ವರ್ತಕರು ಕೆಲವು ವರ್ಷವಿದ್ದು ತಮ್ಮ ಊರಿಗೆ ಮರಳಿದರು. ಅವರ ನಂತರ ಬಂದವರು ಧನಗೆರೆಯ ಕೆಂಪಮ್ಮ. ರೇಷ್ಮೆ ಸೀರೆಗೆ ಫಾಲ್ಸ್ ಹೊಲಿದು, ಸೆರಗಿನ ನೂಲನ್ನು ಗಂಟು ಹಾಕಿ ಕುಚ್ಚು ಕಟ್ಟಿಕೊಡುವ ಕೆಲಸ ಅವರದು. ಅವರ ಕಾಲ ಮುಗಿದ ಮೇಲೆ ಸೊಸೆ ಜಯಮ್ಮ ಅದನ್ನೇ ಮಾಡುತ್ತಿದ್ದಾಳೆ. ಕರಾರನ್ನು ಹನ್ನೊಂದು ತಿಂಗಳಿಗೊಮ್ಮೆ ಹೊಸದು ಮಾಡುತ್ತಾರೆ. ಯಾರೂ ಓದುವುದಿಲ್ಲ. ಹೆಸರು, ತಾರೀಕು ಬದಲಿಸಿ ಅದೇ ಇಂಗ್ಲಿಷ್, ಕೊನೆಗೆ ಅಪ್ಪಾಜಿಯ ಅದೇ ಸಾಲು. ಮೊದಲು ಟೈಪಿನಲ್ಲಿತ್ತು, ಈಗ ಕಂಪ್ಯೂಟರಿನಲ್ಲಿದೆ. ಸಾವು ಕೂಡ ಕಾಪಿ ಪೇಸ್ಟ್ ಆಗುತ್ತದೆ.

ನನಗೆ ನಿಜ ತಿಳಿದದ್ದು ಟೀಚರಾದ ಮೇಲೆ. ನಮ್ಮ ಸ್ಟಾಫ್ ರೂಮಿನ ಒಬ್ಬಾಕೆಯ ಗಂಡ ವಕೀಲರು. ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಮೇಜಿನ ಮೇಲಿದ್ದ ಯಾರದೋ ಲೀಸಿನಲ್ಲಿ ಅದೇ ಪದ ಕಂಡು, ಪಾಪ, ಇಲ್ಲಿ ಯಾರು ಸತ್ತರು ಎಂದೆ. ಅವರು ನಗುತ್ತ ಅರ್ಥ ಹೇಳಿದರು. ನಾನೂ ನಕ್ಕೆ. ಆ ಭಾನುವಾರ ಅಪ್ಪಾಜಿಗೆ ಹೇಳಲೇಬೇಕೆಂದು ಮಾಂಬಳ್ಳಿಗೆ ಹೋದೆ. ಅವರು ಜಗಲಿಯಲ್ಲಿ ಕೂತು ಬಂದ ನೆಂಟರಿಗೆ ಅದೇ ಕತೆ ಹೇಳುತ್ತಿದ್ದರು. ಎಲ್ಲ ಸರಿಯಾಗಿ ಓದಿ ಹೇಳಿದವಳು ಇವಳೇ, ಇವಳು ಇಲ್ಲದಿದ್ದರೆ ಪಾಪ ಕಟ್ಟಿಕೊಳ್ಳುತ್ತಿದ್ದೆ ಎಂದು ನನ್ನ ಕಡೆ ಕೈ ತೋರಿದರು. ನಾನು ಒಳಗೆ ಹೋಗಿ ನೀರು ಕುಡಿದೆ. ಅವರು ಅದೇ ನಂಬಿಕೆಯಲ್ಲಿ ತೀರಿಕೊಂಡರು. ಮೊದಲ ಎರಡು ಮಳಿಗೆ ತಮ್ಮನ ಕಡೆಗೆ ಹೋದವು. ಮೂರನೆಯದನ್ನು ನನ್ನ ಹೆಸರಿಗೆ ಬರೆದಿದ್ದರು. ಓದಿದವಳಿಗೇ ಇರಲಿ ಎಂದು.

ಅಷ್ಟರಲ್ಲಿ ಮಳಿಗೆ ನನ್ನ ಕೈಮೀರಿ ಬೆಳೆದಿತ್ತು. ಅಲ್ಲಿಗೆ ಎತ್ತಿಕೊಂಡು ಬಂದ ಅಳುವ ಮಕ್ಕಳು ಹೊಸ್ತಿಲು ದಾಟುತ್ತಲೇ ಸುಮ್ಮನಾಗಿ ಹಿಂದಿನ ಗೋಡೆಯ ಕಡೆಗೇ ಮುಖ ಮಾಡುತ್ತವೆ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ತಂತಿಗೆ ತೂಗುಹಾಕಿದ ಸೆರಗುಗಳ ಕುಚ್ಚು ಫ್ಯಾನಿಲ್ಲದಾಗಲೂ ಆ ಗೋಡೆಯತ್ತಲೇ ವಾಲುತ್ತವೆ ಎಂದೂ. ಕುಚ್ಚನ್ನು ನಾನೂ ಒಮ್ಮೆ ನೋಡಿದೆ. ಗಾಳಿ ಇತ್ತೋ ಇಲ್ಲವೋ ಈಗ ಆಣೆ ಮಾಡಲಾರೆ. ನಾನು ಹುಟ್ಟಿಸಿದ ಸುಳ್ಳು ಎಂದು ಗೊತ್ತಿದ್ದೂ ಅಲ್ಲಿ ನನ್ನ ದನಿ ತಗ್ಗುತ್ತಿತ್ತು. ಫೂಲಿಶ್ ಎಂದು ನನ್ನನ್ನು ನಾನೇ ಬೈದುಕೊಂಡದ್ದೂ ಪಿಸುಮಾತಿನಲ್ಲೇ.

ಹೋದ ವರ್ಷ ತಮ್ಮನ ಮಗ ಲೋಕೇಶ ಬಂದ. ಡ್ರಿಪ್ ಪೈಪಿನ ಏಜೆನ್ಸಿ ನಡೆಸುವ ಚುರುಕಿನ ಹುಡುಗ. ಔಷಧಿ ಮಾರುವ ದೊಡ್ಡ ಕಂಪನಿಯೊಂದು ಮೂರು ಮಳಿಗೆಗಳನ್ನೂ ಒಟ್ಟಿಗೆ ಕೇಳುತ್ತಿದೆಯಂತೆ. ನಡುವಿನ ಗೋಡೆ ಒಡೆದು ಒಂದೇ ಹಾಲ್ ಮಾಡುತ್ತಾರೆ. ಒಂಬತ್ತು ವರ್ಷದ ರಿಜಿಸ್ಟರ್ಡ್ ಲೀಸ್, ಮೂರು ವರ್ಷಕ್ಕೊಮ್ಮೆ ಬಾಡಿಗೆ ತಾನಾಗಿ ಏರುತ್ತದೆ. ಮೂರೂ ಬೇಕು, ಇಲ್ಲವೆಂದರೆ ಒಂದೂ ಬೇಡ. ಅಡ್ಡ ಇರುವುದು ಜಯಮ್ಮ. ಜಯಮ್ಮನಿಗೆ ಇರುವ ಆಧಾರ ಅಪ್ಪಾಜಿಯ ಆ ಒಂದು ಸಾಲು. ಲೋಕೇಶ ವಕೀಲರನ್ನು ಕಂಡು ಬಂದಿದ್ದ. ಸತ್ತವರ ಜಾಗವಾದ್ದರಿಂದ ಎಂದು ಸಾಲೇ ಕಾರಣ ಹೇಳುತ್ತದೆ. ಅಂದು ಓದಿ ಹೇಳಿದವಳೇ ಅದು ನನ್ನ ತಪ್ಪು ಎಂದು ಸಹಿ ಮಾಡಿಕೊಟ್ಟರೆ ಕಾರಣ ಬೀಳುತ್ತದೆ, ಕಾರಣ ಬಿದ್ದರೆ ಸಾಲೂ ಬೀಳುತ್ತದೆ ಎಂದರಂತೆ ಅವರು. ನನ್ನ ತಪ್ಪಿನ ಕತೆಯನ್ನು ಅಪ್ಪಾಜಿ ಹೋದ ಮೇಲೆ ಮನೆಯಲ್ಲಿ ನಗಿಸಲೆಂದು ಎಂದೋ ನಾನೇ ಬಾಯಿಬಿಟ್ಟಿದ್ದೆ. ಅದು ಈಗ ವಕೀಲರ ಫೈಲಿಗೆ ಹೋಗಿತ್ತು.

"ಮೊದ್ಲು ನೀವೇ ಓಗಿ ಅವ್ಳಿಗೆ ತಿಳ್ಸೇಳಿ ಅತ್ತೆ" ಎಂದ ಲೋಕೇಶ. "ದೆವ್ವ ಗಿವ್ವ ಏನೂ ಇಲ್ಲ, ಇಂಗ್ಲಿಷ್ ಮಿಸ್ಟೇಕು ಅಂತ. ನೀವೇಳುದ್ರೆ ಗಲಾಟೆ ಇಲ್ದೆ ಓಯ್ತಳೆ."

ಅವನ ಮಾತಿನಲ್ಲಿ ತಪ್ಪು ಹುಡುಕಲಾರೆ. ಜಯಮ್ಮ ಕೊಡುವುದು ಅವಳ ಅತ್ತೆಯ ಕಾಲದ ಬಾಡಿಗೆ. ಪಕ್ಕದ ಮಳಿಗೆಯವರು ಅದನ್ನು ಕೇಳಿದರೆ ತಮಗೂ ಒಂದು ದೆವ್ವ ಕೊಡಿಸಿ ಎನ್ನುತ್ತಾರೆ. ಆದರೆ ಅಲ್ಲಿಂದ ಎದ್ದರೆ ಅವಳು ಎಲ್ಲಿ ಕೂರುತ್ತಾಳೆ? ಆ ರಸ್ತೆಯಲ್ಲಿ ಇಂದಿನ ಬಾಡಿಗೆಗೆ ಅವಳ ಕುಚ್ಚು ಸಾಟಿಯಲ್ಲ. ಗಂಡ ಹೋಗಿ ಬಹಳ ವರ್ಷವಾಯಿತು. ಸುತ್ತಿನ ಊರುಗಳ ಮದುವೆ ಸೀರೆಗಳು ಅವಳನ್ನು ಹುಡುಕಿಕೊಂಡು ಬರುವುದು ಆ ಬಾಗಿಲಿಗೆ. ನನ್ನ ಒಂದು ಸಹಿ ಅವಳನ್ನು ಎಬ್ಬಿಸುತ್ತಿತ್ತು. ಹಾಗೆಂದು ಸುಳ್ಳಿನ ಮೇಲೆ ಇನ್ನೆಷ್ಟು ದಿನ ಅವಳನ್ನು ಕೂರಿಸಲಿ? ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ, ಹೇಳುವುದು ಹೇಳಿಬಿಡುತ್ತೇನೆ ಎಂದು ಹೊರಟೆ.

ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ಬಸ್ಸುಗಳ ಹಾರನ್ನು. ಹೊಸ್ತಿಲು ದಾಟಿದರೆ ಬಾವಿಗೆ ಇಳಿದ ಹಾಗೆ ಸದ್ದೆಲ್ಲ ಮೇಲೆ ಉಳಿಯಿತು. ಜಯಮ್ಮ ಒಬ್ಬಳೇ ಇದ್ದಳು. ಸೆರಗಿನ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಗಂಟು ಹಾಕುತ್ತಿದ್ದಳು. ಬಿಸಿಲಲ್ಲಿ ಯಾಕೆ ಬಂದ್ರಿ ಟೀಚ್ರಮ್ಮ ಎಂದು ಮಣೆ ಕೊಟ್ಟಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮುದಿ ಸಿಸ್ಟರು, ಅರ್ಧ ದಿನದ ರಜ, ಡಿಮೈಸ್ಡ್, ಅಪ್ಪಾಜಿಯ ಚಪ್ಪಲಿ, ಲೋಕೇಶನ ವಕೀಲರು. ಇಷ್ಟನ್ನೂ ಪಿಸುಮಾತಿನಲ್ಲೇ ಹೇಳಿದೆ ಎಂಬುದು ಮುಗಿದ ಮೇಲೆ ಗಮನಕ್ಕೆ ಬಂತು.

ಜಯಮ್ಮ ಗಂಟು ಬಿಗಿದು ಹಲ್ಲಿನಲ್ಲಿ ದಾರ ಕಡಿದಳು.

"ಅದು ಗೊತ್ತು ಕಣ್ ಟೀಚ್ರಮ್ಮ. ನಮ್ಮತ್ತೆ ಆಗ್ಲೆ ವಕೀಲ್ರತ್ರ ಓದ್ಸಿದ್ರು. ಬಾಡ್ಗೆಗ್ ಕೊಟ್ಟಿರ ಜಾಗ ಅಂತ ಅಷ್ಟೇಯ. ನಿಮ್ಮಪ್ಪಾರ್ಗೆ ಏಳುದ್ರೆ ಮಗಳ್ ಮುಂದೆ ನೊಂದ್ಕತರ ಅಂತ ಸುಮ್ನಾದ್ರು. ಬಾಡ್ಗೆನೂ ಏರಕ್ಕಿಲ್ಲ ಅಂದ್ಮೇಲೆ ನಮಗ್ಯಾಕೆ ಬಾಯಿ?"

ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಒಂದು ಇಡೀ ಆಯುಸ್ಸು ನಾನು ಈ ಊರಿಗೆ ತಿಳಿಯದಂತೆ ಮುಚ್ಚಿಟ್ಟದ್ದು ಇವರ ಮನೆಯಲ್ಲಿ ಸಾರಿನ ಜೊತೆ ಬಡಿಸಿಕೊಂಡ ಮಾತು. ಹಾಗಾದರೆ ಈ ಪಿಸುಮಾತು ಯಾಕೆ, ಗಿರಾಕಿಗಳನ್ನು ಹೆದರಿಸಲಿಕ್ಕಾ ಎಂದು ಕೇಳಿದೆ.

"ಅದ್ಕಲ್ಲ" ಎಂದಳು. "ಓದದು ಕೇಳ್ಸಕ್ಕಿಲ್ಲ ಅಂತ."

ಯಾರು ಓದುವುದು ಎಂದೆ.

ಜಯಮ್ಮ ಹಿಂದಿನ ಗೋಡೆಯ ಕಡೆ ನೋಡಲಿಲ್ಲ. ಕೈಯ ಕೆಲಸ ನೋಡುತ್ತಲೇ ಹೇಳಿದಳು. "ಒಂದು ಎಣ್ಕೂಸು. ಮದ್ಯಾನ, ಯಾರೂ ಇಲ್ದೆ ಇರೊತ್ಲಿ. ಇಂಗ್ಲೀಸು, ನಮಗೇನ್ ತಿಳ್ದದು. ಎದ್ರಸಕ್ಕಿಲ್ಲ ಟೀಚ್ರಮ್ಮ, ಪಾಪ, ಓದ್ತದ ಅಷ್ಟೇಯ. ಓದ ಮಕ್ಕ ಇರ ಮನೇಲಿ ಮೆತ್ಗ್ ಮಾತಾಡ್ಬೇಕು ಅಂತ ನಮ್ಮತ್ತೆ ಏಳೋರು."

ಇವಳು ಜಾಣೆ ಎಂದುಕೊಂಡೆ. ಸುಳ್ಳಿನ ಹಗ್ಗ ಕೈತಪ್ಪಿತೆಂದು ಇನ್ನೊಂದು ಹೊಸೆದುಕೊಡುತ್ತಿದ್ದಾಳೆ. ನನ್ನ ಕತೆಯನ್ನು ಈಗಷ್ಟೇ ಕೇಳಿ, ಅದರಿಂದಲೇ ನೂಲು ತೆಗೆದು ನನಗೇ ಕುಚ್ಚು ಕಟ್ಟುತ್ತಿದ್ದಾಳೆ. ಹಾಗೆಂದುಕೊಂಡು ಎದ್ದು ನಿಂತೆ.

"ಒಂದ್ ಕಡೆ ಮಾತ್ರ ತಡ್ಕತದ" ಎಂದಳು ಅವಳು. "ಎರಿಡಿ... ಎರಿಡಿ... ಅಂತದ. ಬರಕ್ಕಿಲ್ಲ ಅದ್ಕೆ. ಒಸಿ ಒತ್ತು ಸುಮ್ನಿದ್ದು, ಆಮೇಲೆ ಆರಿಸ್ಬುಟ್ಟು ಮುಂದ್ಕೋಯ್ತದ. ದಿನಾ ಅಲ್ಲೇಯ."

ನಾನು ಕೂತೆ.

ಹೆರೆಡಿಟಮೆಂಟ್ಸ್. ಆಸ್ತಿಪತ್ರಗಳಲ್ಲಿ ಬರುವ ಪದ. ವಾರಸುದಾರರಿಗೆ ಇಳಿದು ಹೋಗುವ ಸ್ವತ್ತು ಎಂದು ಅರ್ಥ. ಅಂದು ಎರಡು ಸಲ ಬಾಯಿಗೆ ತಂದುಕೊಳ್ಳಲು ನೋಡಿ ಆಗದೆ, ಅಪ್ಪಾಜಿಗೆ ತಿಳಿಯದ ಹಾಗೆ ಹಾರಿಸಿ ಮುಂದೆ ಓದಿದ್ದೆ. ಡಿಮೈಸ್ಡ್ ಕತೆಯನ್ನು ಹೇಳಿ ನಗಿಸಿದಾಗಲೂ ಈ ಪದದ ಸುದ್ದಿ ಎತ್ತಿಲ್ಲ. ತಪ್ಪು ಅರ್ಥ ಹೇಳಿದ್ದು ತಮಾಷೆ. ಓದಲು ಬಾರದೆ ಹಾರಿಸಿದ್ದು ಕಾನ್ವೆಂಟಿನ ಹುಡುಗಿಗೆ ಅವಮಾನ. ಜಯಮ್ಮನಿಗೆ ಹೇಳಿರಲಿಲ್ಲ. ಓದುತ್ತಿರುವ ನಿಮಗೂ, ನೋಡಿ, ಮೇಲೆ ಹೇಳಿರಲಿಲ್ಲ.

ಕಿವಿಗೊಟ್ಟೆ. ಉಸಿರು ಹಿಡಿದು ಕಿವಿಗೊಟ್ಟೆ. ಹೊರಗಿನ ಬಸ್ಸು ಕೂಡ ಕೇಳಿಸಲಿಲ್ಲ. ತಂತಿಯ ಮೇಲೆ ಹತ್ತಿಪ್ಪತ್ತು ಸೆರಗುಗಳು ಅಲುಗದೆ ನಿಂತಿದ್ದವು. ಕೇಳಿಸುವುದಿಲ್ಲವಲ್ಲ ಜಯಮ್ಮ ಎಂದೆ. ನನ್ನ ದನಿಯಲ್ಲಿ ಬೇಡುವ ಧಾಟಿ ಇತ್ತು.

"ನೀವ್ ಒಳ್ಗಿದ್ರೆ ಓದಕ್ಕಿಲ್ಲ ಟೀಚ್ರಮ್ಮ. ನೀವ್ ಬಂದಿರ ದಿವ್ಸ ಒಂದಿನ್ವೂ ಓದಿಲ್ಲ" ಎಂದಳು ಜಯಮ್ಮ, ಸಮಾಧಾನ ಹೇಳುವ ಹಾಗೆ. "ತಪ್ಪಾದ್ರೆ ಬಯ್ತೀರ ಅಂತ ಎದ್ರುಕತದೋ ಏನೋ."

ಎಷ್ಟು ಹೊತ್ತು ಕೂತಿದ್ದೆನೋ. ಎದ್ದು ಬರುವಾಗ ನೋಡಿದರೆ ಬರಿಗಾಲು, ಚಪ್ಪಲಿ ಬಾಗಿಲಾಚೆ ಇತ್ತು. ಯಾವಾಗ ಬಿಟ್ಟೆನೋ ನೆನಪಿಲ್ಲ. ಬಿಸಿಲಿನಲ್ಲಿ ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದೆ. ಜಯಮ್ಮ ಕೈ ನಿಲ್ಲಿಸಿ, ತಲೆಯನ್ನು ಒಂದು ಕಡೆ ವಾಲಿಸಿ ಕೂತಿದ್ದಳು.

ವಕೀಲರು ಟೈಪ್ ಮಾಡಿಸಿದ ಹೇಳಿಕೆಗೆ ನಾನು ಸಹಿ ಹಾಕಲಿಲ್ಲ. ಲೋಕೇಶ ಬಂದು ಒಂದು ಗಂಟೆ ಕೂತು ಲೆಕ್ಕ ತೋರಿಸಿದ. ಕೊನೆಗೆ, ನಿಮ್ಮ ಸೆಂಟಿಮೆಂಟಿಗೆ ನನ್ನ ಎರಡು ಮಳಿಗೆಯೂ ಮುಳುಗಿದವು ಎಂದು ಎದ್ದು ಹೋದ. ಕಂಪನಿಯವರು ಬಸ್ ಸ್ಟ್ಯಾಂಡಿನ ಕಡೆ ಬೇರೆ ಜಾಗ ಹಿಡಿದರು. ದೀಪಾವಳಿಗೆ ಅವನು ಬರಲಿಲ್ಲ. ಫೋನ್ ಮಾಡಿದರೆ ಹೆಂಡತಿ ಎತ್ತಿ, ಅವರು ಹನೂರಿಗೆ ಹೋಗಿದಾರೆ ಅತ್ತೆ ಎನ್ನುತ್ತಾಳೆ. ಹಿಂದಿನಿಂದ ಅವನ ಕೆಮ್ಮು ಕೇಳಿಸುತ್ತದೆ. ಅವನ ಸಿಟ್ಟು ನ್ಯಾಯವಾದದ್ದೇ. ಅದನ್ನು ನಾನು ಹೊರಬೇಕು.

ಈ ಸಲ ಜಯಮ್ಮನ ಕರಾರನ್ನು ಹನ್ನೊಂದು ತಿಂಗಳಿಗೆ ಮಾಡಲಿಲ್ಲ. ಅವಳ ಕೈ ಗಂಟು ಹಾಕುವಷ್ಟು ವರ್ಷ ನಡೆಯಲಿ ಎಂದು ದೀರ್ಘವಾದದ್ದನ್ನೇ ಕನ್ನಡದಲ್ಲಿ ಬರೆಸಿ ರಿಜಿಸ್ಟರ್ ಮಾಡಿಸಲು ಹೋದೆವು. ಅಪ್ಪಾಜಿಯ ಸಾಲು ತೆಗೆಸಿದೆ. ಮೂರು ವರ್ಷಕ್ಕೊಮ್ಮೆ ಇಬ್ಬರೂ ಕೂತು ಮಾತಾಡಿ ಬಾಡಿಗೆ ನಿಗದಿ ಮಾಡತಕ್ಕದ್ದು ಎಂದು ಬರೆಸಿದವಳು ಜಯಮ್ಮ. ಅತ್ತೆಯ ಕಾಲದ ಬಾಡಿಗೆ ಕೊಡಲು ತನಗೂ ನಾಚಿಕೆ ಎಂದಳು. ಈಗಲೇ ಇಷ್ಟು ಏರಿಸುತ್ತೇನೆ ಎಂದು ಅವಳು ಹೇಳಿದ್ದಕ್ಕೆ ನಾನು ಜಾಸ್ತಿಯಾಯಿತು ಎಂದೆ. ಪತ್ರ ಬರೆಯುವವರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ಬಾಡಿಗೆ ಪರಿಷ್ಕರಣೆ ಹೀಗೆ ನಡೆದದ್ದನ್ನು ಅವರು ಕಂಡಿರಲಿಲ್ಲವಂತೆ.

ಅವರು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಎಂಟನೆಯ ಕಲಮಿನಲ್ಲಿ, ಮಾಲೀಕರು ಸೂಕ್ತ ವೇಳೆಯಲ್ಲಿ ಮಳಿಗೆಯ ಒಳಗೆ ಬಂದು ಪರಿಶೀಲಿಸುವ ಹಕ್ಕು ಉಳ್ಳವರಾಗಿರುತ್ತಾರೆ ಎಂದಿತ್ತು. ಪೆನ್ನು ತೆಗೆದು ಅದನ್ನು ಹೊಡೆದುಹಾಕಿದೆ.

ಬರೆಯುವವರಿಗೆ ಗಾಬರಿಯಾಯಿತು. ಇದು ಎಲ್ಲ ಕರಾರಿನಲ್ಲೂ ಇರುವುದೇ ಮೇಡಂ, ಓನರ್ ರೈಟು, ತೆಗೆದರೆ ನಾಳೆ ನಿಮ್ಮ ಸ್ವಂತ ಮಳಿಗೆಗೆ ನೀವೇ ಕಾಲಿಡುವ ಹಾಗಿಲ್ಲ ಎಂದರು.

"ಗೊತ್ತಪ್ಪ" ಎಂದೆ. "ಟೀಚರ್ ಒಳಗೆ ಬಂದರೆ ಮಕ್ಕಳು ಸರಿಯಾಗಿ ಓದೋದಿಲ್ಲ."

ಅವರು ಜಯಮ್ಮನ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಹೊಡೆದ ಜಾಗದ ಪಕ್ಕ ಒಂದು ಇನಿಷಿಯಲ್ ಹಾಕಿ ಮೇಡಂ ಎಂದು ಅವರು ಪತ್ರವನ್ನು ನನ್ನ ಕಡೆ ತಿರುಗಿಸಿದರು. ಹಾಕಿಕೊಟ್ಟೆ.